ಅಪ್ಪನ ಜೀಪಿಗೆ ಹೊಸ ಇಂಜಿನ್ ಹಾಕೋಣವೇ?

‘ಜೀಪು ಹೋಯ್ತು ಕಣೋ.’

ಕಳೆದ ವರ್ಷ ಜೂನ್ ಕೊನೇಲಿ ಅಪ್ಪ ಫೋನ್ ಮಾಡಿ ಹೇಳಿದ್ದು ಇಷ್ಟೇ. ನಾನು ಆಫೀಸಿನ ಮೀಟಿಂಗ್‌ನಲ್ಲಿದ್ದೆ. ಮ್ಯೂಟ್ ಮಾಡಿ ಬಾಲ್ಕನಿಗೆ ಬಂದೆ. ಅಪ್ಪನ ದನಿ ಕೇಳಿದ್ರೆ ಮನೆಯ ಯಾರೋ ಹಿರಿಯರು ಹೋದ ಹಾಗಿತ್ತು.

ಆಗಿದ್ದೇನು ಅಂದ್ರೆ, ಗೊಬ್ಬರದ ಮೂಟೆ ಹೇರಿಕೊಂಡು ತೋಟದ ಏರು ಹತ್ತುವಾಗ ರೇಡಿಯೇಟರ್‌ನ ಕೆಳಗಿನ ಹೋಸ್ ಒಡೆದಿದೆ. ನೀರೆಲ್ಲ ಸೋರಿ ಹೋಗಿದೆ. ಟೆಂಪರೇಚರ್ ಗೇಜ್ ಸತ್ತು ಎಷ್ಟೋ ವರ್ಷ ಆಗಿತ್ತು, ಅದನ್ನು ಸರಿ ಮಾಡಿಸಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಸುಟ್ಟ ವಾಸನೆ ಅಪ್ಪನ ಮೂಗಿಗೆ ಬರುವಷ್ಟರಲ್ಲಿ ಸಿಲಿಂಡರ್ ಹೆಡ್ ಬಿರುಕು ಬಿಟ್ಟಿತ್ತು.

ನಮ್ಮದು ಮೂಡಿಗೆರೆ ಹತ್ತಿರದ ಸಣ್ಣ ತೋಟ. ಮುಖ್ಯ ರಸ್ತೆಯಿಂದ ಮನೆಗೆ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ. ಮಳೆಗಾಲದಲ್ಲಿ ಅದು ದಾರಿಯಲ್ಲ, ಹಳ್ಳ. ಜೀಪು ಇಲ್ಲ ಅಂದ್ರೆ ಗ್ಯಾಸ್ ಸಿಲಿಂಡರ್ ಬರಲ್ಲ, ಆಳುಗಳು ಬರಲ್ಲ, ಅಪ್ಪನ ಬಿಪಿ ಮಾತ್ರೆನೂ ಬರಲ್ಲ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಅಲ್ಲಿ ಒಬ್ಬರೇ ಇರೋದು. ನಾನು ಬೆಂಗಳೂರಲ್ಲಿ, ಇನ್ನೂರೈವತ್ತು ಕಿಲೋಮೀಟರ್ ದೂರ.

‘ಚಿಂತೆ ಮಾಡ್ಬೇಡಿ ಅಪ್ಪಾ, ಈ ಸಲ ಹಳೇ ಇಂಜಿನ್ ಎಸೆದು ಹೊಸ ಸಿಆರ್‌ಡಿಇ ಹಾಕ್ಸೋಣ’ ಅಂದೆ. ಒಂದು ಸೆಕೆಂಡ್ ಕೂಡ ಯೋಚನೆ ಮಾಡಿರಲಿಲ್ಲ. ಅಪ್ಪ ‘ಹ್ಞೂಂ’ ಅಂದು ಫೋನ್ ಇಟ್ಟರು.

ಇಂಜಿನ್ ಬದಲಾಯಿಸೋದು ನಮ್ಮ ಮನೆಗೆ ಹೊಸದಲ್ಲ. ಅಜ್ಜನ ಹತ್ತಿರ ಇದ್ದಿದ್ದು ಪೆಟ್ರೋಲ್ ಜೀಪು. ಮಹೀಂದ್ರಾದವರು 1947ರಿಂದ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸೋಕೆ ಶುರು ಮಾಡಿದ್ದರಲ್ಲ, ಆಮೇಲೆ ಬಂದ ಎತ್ತರದ ಬಾನೆಟ್ಟಿನ ಸಿಜೆ3ಬಿ ಅದು. ಬಾನೆಟ್ ಯಾಕೆ ಅಷ್ಟು ಎತ್ತರ ಅಂತ ಚಿಕ್ಕವನಿದ್ದಾಗ ಕೇಳಿದ್ದೆ. ಇಂಜಿನ್ ಎತ್ತರ ಇತ್ತು, ಅದಕ್ಕೆ ಬಾನೆಟ್ ಏರಿಸಿದ್ರು, ಅಷ್ಟೇ. ಅಂದ್ರೆ ಹೊಸ ಇಂಜಿನ್ ಹಿಡಿಸೋಕೆ ಗಾಡಿಯನ್ನೇ ಬಗ್ಗಿಸೋದನ್ನು ಜೀಪಿನ ಕಂಪನಿಯವರೇ ಮಾಡಿದ್ದಾರೆ. ಮುಂದೆ ಪೆಟ್ರೋಲ್ ತುಟ್ಟಿಯಾದಾಗ ಎಷ್ಟೋ ತೋಟಗಳಲ್ಲಿ ಇಂಥ ಜೀಪುಗಳಿಗೆ ಸಿಕ್ಕ ಸಿಕ್ಕ ಡೀಸೆಲ್ ಇಂಜಿನ್ ಕೂರಿಸಿದರು. ಅಜ್ಜನೂ ಕೂರಿಸಿದರು. ಊರಿನ ವೆಲ್ಡಿಂಗ್ ಶಾಪಿನಲ್ಲಿ ಹಗಲು ರಾತ್ರಿ ಕೆಲಸ ನಡೆದು ಮೂರನೇ ದಿನ ಜೀಪು ಹೊರಗೆ ಬಂತು ಅನ್ನೋದು ಮನೆಯ ಪುರಾಣ.

ಅಪ್ಪನದು 1994ರ ಎಂಎಂ 540. ಅದರಲ್ಲಿರೋದು ಫ್ರಾನ್ಸಿನ ಪ್ಯೂಜೋ ಮೂಲದ ಎಕ್ಸ್‌ಡಿ3ಪಿ ಡೀಸೆಲ್, 2498 ಸಿಸಿ. ಟರ್ಬೋ ಇಲ್ಲ, ಕಂಪ್ಯೂಟರ್ ಇಲ್ಲ. ಶಕ್ತಿ ಸುಮಾರು 75 ಎಚ್‌ಪಿ, ಟಾರ್ಕ್ 150 ನ್ಯೂಟನ್ ಮೀಟರ್ ಆಸುಪಾಸು. ಬೆಳಿಗ್ಗೆ ಹೀಟರ್ ಹಾಕಿ ಹತ್ತು ಎಣಿಸಿ ಸ್ಟಾರ್ಟ್ ಮಾಡಬೇಕು. ಒಮ್ಮೆ ಶುರುವಾದರೆ ಆಮೇಲೆ ಅದಕ್ಕೆ ಕರೆಂಟೇ ಬೇಡ. ಬ್ಯಾಟರಿ ಬಿಚ್ಚಿ ಪಕ್ಕಕ್ಕಿಟ್ಟರೂ ಓಡುತ್ತದೆ. ಆಫ್ ಮಾಡೋಕೆ ಡ್ಯಾಶ್‌ಬೋರ್ಡ್ ಕೆಳಗೆ ಒಂದು ತಂತಿ, ಎಳೆದರೆ ಡೀಸೆಲ್ ನಿಲ್ಲುತ್ತೆ, ಇಂಜಿನ್ ನಿಲ್ಲುತ್ತೆ.

ನನ್ನ ಲೆಕ್ಕದಲ್ಲಿದ್ದಿದ್ದು 2010ರಲ್ಲಿ ಬಂದ ಮೊದಲ ಥಾರ್‌ನ ಸಿಆರ್‌ಡಿಇ ಇಂಜಿನ್. ತಮಾಷೆ ನೋಡಿ, ಅದೂ 2498 ಸಿಸಿ. ಗಾತ್ರ ಒಂದೇ, ಆದರೆ 105 ಎಚ್‌ಪಿ, 247 ನ್ಯೂಟನ್ ಮೀಟರ್. ಅದೂ 1800 ಆರ್‌ಪಿಎಮ್‌ನಲ್ಲೇ. ಒಂದೇ ಅಳತೆಯ ಪಾತ್ರೆಯಲ್ಲಿ ಒಂದೂವರೆ ಪಟ್ಟಿಗಿಂತ ಹೆಚ್ಚು ಅಡುಗೆ ಆದಂತೆ. ಟರ್ಬೋ ಗಾಳಿಯನ್ನು ಒತ್ತಿ ತುಂಬುತ್ತೆ, ಇಂಟರ್‌ಕೂಲರ್ ಅದನ್ನು ತಣ್ಣಗೆ ಮಾಡುತ್ತೆ, ಕಾಮನ್ ರೈಲ್ ಎಂಬ ಉಕ್ಕಿನ ನಳಿಗೆಯಲ್ಲಿ ಡೀಸೆಲ್ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಕಾದು ನಿಂತಿರುತ್ತೆ. (ನಿಮ್ಮ ಕಾರಿನ ಟೈರಿನಲ್ಲಿ ಎರಡು ಚಿಲ್ಲರೆ ಬಾರ್ ಇರುತ್ತೆ, ಹೋಲಿಸಿ ನೋಡಿ.) ಯಾವ ಇಂಜೆಕ್ಟರ್ ಯಾವ ಕ್ಷಣಕ್ಕೆ ಎಷ್ಟು ಹೊತ್ತು ತೆರೆಯಬೇಕು ಅಂತ ಒಂದು ಕಂಪ್ಯೂಟರ್ ಹೇಳುತ್ತೆ. ಅದೇ ಇಸಿಯು.

ನನಗೆ ಅಷ್ಟು ಧೈರ್ಯ ಬರೋಕೆ ಕಾರಣ ಇತ್ತು. ಅದಕ್ಕೂ ಎರಡು ವರ್ಷ ಮೊದಲು ನನ್ನ ಕಾಲೇಜು ಗೆಳೆಯ ತನ್ನ ಎಂಎಂ 540ಗೆ ಇದೇ ಇಂಜಿನ್ ಹಾಕಿಸಿದ್ದ. ಕೆಲಸ ಬಿಟ್ಟು ಸಕಲೇಶಪುರದ ಕಡೆ ತೋಟ ನೋಡಿಕೊಳ್ಳುವ ಪುಣ್ಯಾತ್ಮ ಅವನು. ಆರು ವಾರಾಂತ್ಯ ನಾನು ಅವನ ಜೊತೆ ಗ್ಯಾರೇಜಿನಲ್ಲಿ ಕೂತಿದ್ದೆ. ವೈರಿಂಗ್ ಇಲಾಖೆ ನನ್ನದು.

ಇಂಜಿನ್ ಸಿಕ್ಕಿದ್ದು ಅಪಘಾತವಾದ ಒಂದು ಥಾರ್‌ನಿಂದ. ಬಿಲ್ ಸಮೇತ ತಗೊಂಡಿದ್ದ, ಅದು ಅವನ ಜಾಣತನ. ಗುಜರಿಯಲ್ಲಿ ಬಿಲ್ ಇಲ್ಲದ ಇಂಜಿನ್ ಅಗ್ಗಕ್ಕೆ ಸಿಗುತ್ತೆ, ಆದರೆ ಅದು ಯಾರ ಗಾಡಿಯದ್ದು ಅಂತ ಪೊಲೀಸರು ಕೇಳಿದ ದಿನ ಉತ್ತರ ಇರಲ್ಲ.

ಇಂಜಿನ್ ಅನ್ನು ಸರಪಳಿಗೆ ಕಟ್ಟಿ ಜೀಪಿನ ಹೊಟ್ಟೆಗೆ ಇಳಿಸಿದ ಮೊದಲ ದಿನವೇ ಗೊತ್ತಾಯ್ತು, ಹಿಡಿಸೋದು ಬೇರೆ, ಕೂರೋದು ಬೇರೆ. ಥಾರ್‌ನಲ್ಲಿ ಮುಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಶನ್. ನಮ್ಮ ಹಳೇ ಜೀಪಿನಲ್ಲಿ ಎಡದಿಂದ ಬಲಕ್ಕೆ ಒಂದೇ ಗಟ್ಟಿ ಆಕ್ಸಲ್, ಗುಂಡಿ ಬಂದಾಗ ಅದು ಇಡಿಯಾಗಿ ಮೇಲೆ ಬರುತ್ತೆ. ಮೇಲೆ ಬಂದರೆ ಇಂಜಿನ್ನಿನ ಆಯಿಲ್ ಸಂಪಿಗೆ ಗುದ್ದುತ್ತೆ. ಇಂಜಿನ್ ಏರಿಸಿದರೆ ಬಾನೆಟ್ ಮುಚ್ಚಲ್ಲ, ಹಿಂದೆ ಸರಿಸಿದರೆ ಗೋಡೆಗೆ ತಾಗುತ್ತೆ. ಒಂದು ಇಂಚಿಗಾಗಿ ಎರಡು ದಿನ ಹೋಯ್ತು. ಕೊನೆಗೆ ಸಂಪನ್ನೇ ಕತ್ತರಿಸಿ ಬೇರೆ ಆಕಾರಕ್ಕೆ ವೆಲ್ಡ್ ಮಾಡಿಸಿದ.

ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಜೀಪಿನದ್ದೇ ಉಳಿಸಿಕೊಂಡ. ಅಂದ ಮೇಲೆ ಹೊಸ ಇಂಜಿನ್ ಮತ್ತು ಹಳೇ ಗೇರ್‌ಬಾಕ್ಸ್ ನಡುವೆ ಒಂದು ಅಡಾಪ್ಟರ್ ಪ್ಲೇಟ್ ಬೇಕು. ನೋಡೋಕೆ ಅದು ತೂತುಗಳಿರುವ ದಪ್ಪ ತಟ್ಟೆ ಅಷ್ಟೇ. ಆದರೆ ಇಂಜಿನ್ನಿನ ಕ್ರ್ಯಾಂಕ್ ಕೇಂದ್ರವೂ ಗೇರ್‌ಬಾಕ್ಸಿನ ಶಾಫ್ಟಿನ ಕೇಂದ್ರವೂ ಒಂದೇ ಗೆರೆಯಲ್ಲಿ ಬರಬೇಕು. ಪೀಣ್ಯದಲ್ಲಿ ಮಾಡಿಸಿದ ಮೊದಲ ಪ್ಲೇಟ್ ಅರ್ಧ ಮಿಲಿಮೀಟರಿನಷ್ಟು ಪಕ್ಕಕ್ಕಿತ್ತು. ಅರ್ಧ ಮಿಲಿಮೀಟರ್! ನಮ್ಮ ಕಣ್ಣಿಗೆ ಏನೂ ಅಲ್ಲ. ಆದರೆ ಹಾಗೇ ಓಡಿಸಿದರೆ ಕ್ಲಚ್ ನಡುಗುತ್ತೆ, ಬೇರಿಂಗ್ ತಿನ್ನುತ್ತೆ, ಕೆಲವೇ ಸಾವಿರ ಕಿಲೋಮೀಟರಿಗೆ ಗೇರ್‌ಬಾಕ್ಸ್ ಕೈಗೆ ಬರುತ್ತೆ. ಡಯಲ್ ಗೇಜ್ ಇಟ್ಟು, ಕ್ರ್ಯಾಂಕನ್ನು ಕೈಯಿಂದ ತಿರುಗಿಸುತ್ತಾ, ಮುಳ್ಳು ಎಷ್ಟು ಅಲ್ಲಾಡುತ್ತೆ ಅಂತ ನೋಡಿ ನೋಡಿ, ಎರಡನೇ ಪ್ಲೇಟ್ ಬಂದ ಮೇಲೆ ಮೇಸ್ತ್ರಿ ತಲೆ ಆಡಿಸಿದರು.

ಅಲ್ಲಿಗೆ ನನ್ನ ಪಾಳಿ ಬಂತು.

ಹಳೇ ಜೀಪಿನ ವೈರಿಂಗ್ ಅಂದ್ರೆ ಹೆಡ್‌ಲೈಟ್, ಹಾರ್ನ್, ಸ್ಟಾರ್ಟರ್. ಸಿಆರ್‌ಡಿಇ ಇಂಜಿನ್ನಿಗೆ ಬರೋ ವೈರಿಂಗ್ ನನ್ನ ತೊಡೆಯಷ್ಟು ದಪ್ಪದ ಕಟ್ಟು. ಕ್ರ್ಯಾಂಕ್ ಎಲ್ಲಿದೆ ಅಂತ ಹೇಳೋ ಸೆನ್ಸರ್, ಕ್ಯಾಮ್ ಎಲ್ಲಿದೆ ಅಂತ ಹೇಳೋ ಸೆನ್ಸರ್, ರೈಲಿನ ಒತ್ತಡ, ನೀರಿನ ಬಿಸಿ, ಒಳಗೆ ಬರೋ ಗಾಳಿ. ಇವುಗಳಲ್ಲಿ ಮುಖ್ಯವಾದ ಒಂದು ಸುಳ್ಳು ಹೇಳಿದರೂ ಇಸಿಯು ಇಂಜೆಕ್ಟರ್ ತೆರೆಯಲ್ಲ. ಇನ್ನು ಹಲವು ಗಾಡಿಗಳಲ್ಲಿ ಕೀ ಮತ್ತು ಇಸಿಯು ಜೋಡಿ, ಕೀ ಇಲ್ಲದೆ ಇಂಜಿನ್ ತಂದರೆ ನೀವು ತಂದಿರೋದು ಇನ್ನೂರು ಕಿಲೋ ಕಬ್ಬಿಣ.

ನಾವು ಎಲ್ಲಾ ಜೋಡಿಸಿದ ಮೇಲೆ ಇಂಜಿನ್ ಶುರುವಾಯ್ತು. ಗ್ಯಾರೇಜಿನಲ್ಲಿ ಶಿಳ್ಳೆ, ಚಪ್ಪಾಳೆ. ಆಕ್ಸಿಲರೇಟರ್ ತುಳಿದರೆ ಮಾತ್ರ ಏನೂ ಆಗಲ್ಲ. ಒಂದೇ ವೇಗದಲ್ಲಿ ಗುರ್ ಅಂತ ನಿಂತಿದೆ. ಮೂರು ವಾರಾಂತ್ಯ ಇದಕ್ಕೇ ಹೋಯ್ತು. ಈ ಇಂಜಿನ್ನಿನಲ್ಲಿ ಪೆಡಲಿಗೂ ಇಂಜಿನ್ನಿಗೂ ನಡುವೆ ತಂತಿ ಇಲ್ಲ. ಪೆಡಲಿನೊಳಗೆ ಎರಡು ಸೆನ್ಸರ್ ಇರುತ್ತವೆ, ಎರಡೂ ಬೇರೆ ಬೇರೆ ವೋಲ್ಟೇಜಿನಲ್ಲಿ ಒಂದೇ ವಿಷಯ ಹೇಳುತ್ತವೆ. ಎರಡರ ಮಾತು ತಾಳೆಯಾಗದಿದ್ದರೆ ಇಸಿಯು ‘ನಿನ್ನ ಕಾಲನ್ನು ನಾನು ನಂಬಲ್ಲ’ ಅಂತ ಲಿಂಪ್ ಮೋಡಿಗೆ ಹೋಗುತ್ತೆ. ಸೆನ್ಸರ್ ಬದಲಾಯಿಸಿದೆವು, ಪೆಡಲ್ ಬದಲಾಯಿಸಿದೆವು, ನಾನು ಲ್ಯಾಪ್‌ಟಾಪಿನಲ್ಲಿ ಕೋಡ್‌ಗಳನ್ನು ಓದಿ ಓದಿ ಸಾಕಾಯ್ತು.

ಕೊನೆಗೆ ಸಿಕ್ಕಿದ್ದು ಅರ್ತಿಂಗ್. ಯಾರೋ ಅನುಕೂಲಕ್ಕೆ ಅಂತ ಪೆಡಲಿನ ಅರ್ತ್ ವೈರನ್ನು ಹತ್ತಿರದ ಬಾಡಿ ಬೋಲ್ಟಿಗೆ ಕೊಟ್ಟಿದ್ದರು. ಆ ಬೋಲ್ಟಿನ ಕೆಳಗೆ ಮೂವತ್ತು ವರ್ಷದ ತುಕ್ಕು, ಅದರ ಮೇಲೆ ಮೂರು ಪದರ ಬಣ್ಣ. ಹೆಡ್‌ಲೈಟಿಗೆ ಅಂಥ ಅರ್ತ್ ಸಾಕು, ಸ್ವಲ್ಪ ಮಂಕಾಗಿ ಉರಿಯುತ್ತೆ. ಸೆನ್ಸರಿಗೆ ಸಾಲದು. ಅದನ್ನು ಇಸಿಯುವಿನ ಪಿನ್ನಿಗೇ ವಾಪಸ್ ಎಳೆದೆ. ಪೆಡಲ್ ತುಳಿದೆ. ಟರ್ಬೋ ಸೀಟಿ ಹೊಡೀತು. ಬರೆದುಕೊಟ್ಟ ಕೋಡ್ ಲಕ್ಷ ಜನರ ಫೋನಿನಲ್ಲಿ ಓಡಿದಾಗಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ ಅನ್ನೋದು ಸತ್ಯ.

ಆ ಜೀಪು ಓಡಿಸಿದ ಅನುಭವ ಹೇಳಲೇಬೇಕು. ಅಪ್ಪನ ಜೀಪಿನಲ್ಲಿ ಫೋರ್ ವೀಲ್ ಲೋ ಹಾಕಿ, ಮೊದಲ ಗೇರಿನಲ್ಲಿ, ದೇವರನ್ನು ನೆನೆಯುತ್ತಾ ಹತ್ತುವಂಥ ಏರನ್ನು ಇದು ಎರಡನೇ ಗೇರಿನಲ್ಲಿ ಆಕಳಿಸುತ್ತಾ ಹತ್ತುತ್ತೆ. ಹೊಗೆ ಇಲ್ಲ. ಪಕ್ಕದಲ್ಲಿ ಕೂತವರ ಜೊತೆ ಕೂಗದೆ ಮಾತಾಡಬಹುದು. ಇಂಜಿನ್ ಬ್ರೇಕಿಂಗ್ ಚೆನ್ನಾಗಿದೆ, ಮೈಲೇಜ್ ಜಾಸ್ತಿ. ನಾನು ಅವತ್ತೇ ನಿರ್ಧಾರ ಮಾಡಿದ್ದೆ, ಅಪ್ಪನ ಜೀಪು ಕೈಕೊಟ್ಟ ದಿನ ಇದೇ.

ಹಾಗಾಗಿ ಆ ಜೂನ್ ತಿಂಗಳಲ್ಲಿ ಫೋನ್ ಇಟ್ಟ ತಕ್ಷಣ ಸ್ಪ್ರೆಡ್‌ಶೀಟ್ ತೆರೆದೆ. ಇಂಜಿನ್, ಪ್ಲೇಟ್, ಕೂಲಿ, ರೇಡಿಯೇಟರ್, ಇಂಟರ್‌ಕೂಲರ್, ಬ್ರೇಕಿಗೆ ಬೂಸ್ಟರ್. ಒಟ್ಟು ಮೂರೂವರೆ ಲಕ್ಷದ ಹತ್ತಿರ ಬಂತು. ಆ ವರ್ಷದ ಬೋನಸ್ ಅಷ್ಟೇ ಇತ್ತು. ಗೆಳೆಯನಿಗೆ ಫೋನ್ ಮಾಡಿ ‘ನಿನ್ನ ಜೀಪು ತಗೊಂಡು ಮೂಡಿಗೆರೆಗೆ ಬಾ, ಅಪ್ಪನ್ನ ಒಂದು ರೌಂಡ್ ಕರ್ಕೊಂಡು ಹೋಗೋಣ’ ಅಂದೆ.

‘ಬರೋಕಾಗಲ್ಲ ಮಗಾ. ಗೇಟಿಂದ ಹೊರಗೆ ತೆಗೆದು ಎಂಟು ತಿಂಗಳಾಯ್ತು’ ಅಂದ.

ಅವನ ಜೀಪಿನ ಆರ್‌ಸಿ ನವೀಕರಣಕ್ಕೆ ಬಂದಿತ್ತು. ಖಾಸಗಿ ಗಾಡಿಗೆ ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು ಅಂತ ನಿಮಗೆ ಗೊತ್ತಿರಬಹುದು. ಗಾಡಿ ಒಯ್ದು ನಿಲ್ಲಿಸಬೇಕು, ಇನ್‌ಸ್ಪೆಕ್ಟರ್ ಚಾಸಿ ನಂಬರ್, ಇಂಜಿನ್ ನಂಬರ್ ನೋಡುತ್ತಾರೆ. ಚಾಸಿ ನಂಬರ್ ಸರಿ ಇದೆ, ಇಂಜಿನ್ ನಂಬರ್ ಬೇರೆಯದ್ದು. ಅಷ್ಟೇ ಅಲ್ಲ, ಇಂಜಿನ್ನಿನ ಜಾತಿಯೇ ಬೇರೆ. ಅರ್ಜಿ ಅಲ್ಲೇ ನಿಂತಿತು.

ನಾನು ಆವತ್ತು ರಾತ್ರಿ ಕೂತು ಕಾನೂನು ಓದಿದೆ. ಇಷ್ಟು ದಿನ ಓದದೇ ಇದ್ದಿದ್ದಕ್ಕೆ ನಾಚಿಕೆಯೂ ಆಯ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರೋ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗೆ ತಾಳೆಯಾಗದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡವೂ ಬಂತು: ಮಾಲೀಕ ಹೀಗೆ ಬದಲಾವಣೆ ಮಾಡಿದರೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ ಐದು ಸಾವಿರ ರೂಪಾಯಿ, ಅಥವಾ ಎರಡೂ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಕಿಟ್ ಹಾಕಿಸೋಕೆ ಕಾಯ್ದೆಯಲ್ಲಿ ದಾರಿ ಇದೆ. ಅದೇ ಕಂಪನಿಯ ಅದೇ ಮಾದರಿಯ ಇಂಜಿನ್ ಹಾಕುವ ಪ್ರಸ್ತಾಪವೂ ಇದೆ. ಟರ್ಬೋ ಇಲ್ಲದ ಹಳೇ ಡೀಸೆಲ್ ಜಾಗಕ್ಕೆ ಕಾಮನ್ ರೈಲ್ ಇಂಜಿನ್ ಹಾಕಿ ಆರ್‌ಸಿಗೆ ಏರಿಸೋಕೆ ದಾರಿ ನನಗಂತೂ ಕಾಣಲಿಲ್ಲ.

‘ಊರಲ್ಲಿ ಯಾರು ಚೆಕ್ ಮಾಡ್ತಾರೆ’ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಚೆಕ್ ಮಾಡೋದು ಪೊಲೀಸರಲ್ಲ, ಅಪಘಾತ. ಘಾಟಿಯ ತಿರುವಿನಲ್ಲಿ ಯಾರಿಗಾದರೂ ತಾಗಿತು ಅಂತಿಟ್ಟುಕೊಳ್ಳಿ. ವಿಮೆಯವರು ಮೊದಲು ಕೇಳೋದೇ ಆರ್‌ಸಿ. ಅದರಲ್ಲಿ ಒಂದು ಇಂಜಿನ್, ಬಾನೆಟ್ ಕೆಳಗೆ ಇನ್ನೊಂದು. ಮಾಲೀಕ ನಾನಲ್ಲ, ಅರವತ್ತೆಂಟು ವರ್ಷದ ಅಪ್ಪ.

ಗೆಳೆಯನ ಜೀಪು ಈಗಲೂ ಇದೆ, ಬಹಳ ಚೆನ್ನಾಗಿದೆ. ನಲವತ್ತು ಎಕರೆ ಒಳಗೆ ಅದೇ ರಾಜ. ಗೇಟಿನ ಹೊರಗೆ ಅವನು ಹಳೇ ಮಾರುತಿಯಲ್ಲಿ ಓಡಾಡುತ್ತಾನೆ.

ಆ ವಾರಾಂತ್ಯ ಬಸ್ ಹತ್ತಿ ಮೊದಲು ಸಕಲೇಶಪುರಕ್ಕೆ ಹೋದೆ, ಇವನ ಜೀಪನ್ನೇ ಇನ್ನೊಮ್ಮೆ ಸರಿಯಾಗಿ ನೋಡೋಣ ಅಂತ. ಎರಡು ವರ್ಷದ ಹಿಂದೆ ನಾನು ಅದನ್ನು ಓಡಿಸಿದ್ದು ಮೂರು ದಿನ. ಅವನು ದಿನಾ ಓಡಿಸುತ್ತಾನೆ. ಓಡಿಸೋರ ಕಥೆ ಬೇರೆ ಇತ್ತು.

ಮೊದಲನೇದು ಬ್ರೇಕ್. ಹಳೇ ಇಂಜಿನ್ ನಿಧಾನಕ್ಕೆ ಹೋಗೋದ್ರಿಂದ ಹಳೇ ಡ್ರಮ್ ಬ್ರೇಕ್ ಸಾಕಾಗಿತ್ತು. ಹೊಸ ಇಂಜಿನ್ ಬಂದ ಮೇಲೆ ಎಂಭತ್ತು ಕಿಲೋಮೀಟರ್ ವೇಗ ಸುಲಭ, ನಿಲ್ಲಿಸೋದು ಸುಲಭ ಅಲ್ಲ. ವ್ಯಾಕ್ಯೂಮ್ ಬೂಸ್ಟರ್ ಹಾಕಿಸಿದ ಮೇಲೂ ಅದು ಕಾಲಿಗೆ ಹಗುರ ಅಷ್ಟೇ, ಡ್ರಮ್ ಅದೇ ಡ್ರಮ್, ಒದ್ದೆಯಾದರೆ ಹಿಡಿಯಲ್ಲ. ಎರಡನೇದು ಗೇರ್‌ಬಾಕ್ಸ್. ಅದನ್ನು ಮಾಡಿದ್ದು 150ಕ್ಕೆ, ಈಗ 247 ಬರ್ತಿದೆ. ಲೋ ರೇಂಜಿನಲ್ಲಿ ಮೊದಲ ಗೇರಿಗೆ ಹಾಕಿ ಪೂರ್ತಿ ತುಳಿಯಬಾರದು ಅಂತ ಮನೆಯ ಎಲ್ಲರಿಗೂ ಆಜ್ಞೆ ಇದೆ. ಅಂದ್ರೆ ತಂದ ಬಲವನ್ನು ಬೇಕಾದಲ್ಲೇ ಬಳಸೋ ಹಾಗಿಲ್ಲ.

ಮೂರನೇದು ಡೀಸೆಲ್. ತೋಟದಲ್ಲಿ ಡೀಸೆಲನ್ನು ಡ್ರಮ್ಮಿನಲ್ಲಿ ತಂದಿಡುತ್ತಾರೆ, ಮಳೆಗಾಲದಲ್ಲಿ ಡ್ರಮ್ಮಿನ ತಳದಲ್ಲಿ ನೀರು ಕೂತೇ ಕೂತಿರುತ್ತೆ. ನೀರು ಯಾವ ಡೀಸೆಲ್ ಇಂಜಿನ್ನಿಗೂ ಒಳ್ಳೇದಲ್ಲ. ಆದರೆ ಹಳೇದಕ್ಕೆ ಫಿಲ್ಟರ್ ಬಿಚ್ಚಿ, ನೀರು ಚೆಲ್ಲಿ, ಏರ್ ತೆಗೆದರೆ ಕೆಮ್ಮುತ್ತಾ ಓಡುತ್ತೆ. ಕಾಮನ್ ರೈಲಿನ ಇಂಜೆಕ್ಟರ್ ಒಳಗಿನ ಸಂದು ಕೂದಲಿಗಿಂತ ಎಷ್ಟೋ ಸಣ್ಣದು. ಕಳೆದ ಮಳೆಗಾಲ ಅವನಿಗೆ ಎರಡು ಇಂಜೆಕ್ಟರ್ ಹೋಗಿತ್ತು, ಅದರ ಬೆಲೆ ಕೇಳಿ ನಾನು ಕಾಫಿ ಲೋಟ ಕೆಳಗಿಟ್ಟೆ.

ನಾಲ್ಕನೇದು ಇಲಿ. ನಗಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಒಳಗೆ ಇಲಿ ಸಂಸಾರ ಹೂಡೋದು ಮಾಮೂಲು. ಹಳೇ ಜೀಪಿನಲ್ಲಿ ಅವು ಹಾರ್ನ್ ವೈರ್ ತಿಂದವು ಅಂದ್ರೆ ಹಾರ್ನ್ ಇಲ್ಲದೆ ಹೋಗ್ತೀರಿ. ಇಲ್ಲಿ ಕ್ರ್ಯಾಂಕ್ ಸೆನ್ಸರಿನ ವೈರ್ ತಿಂದವು. ಜೀಪು ಹೋಗಲೇ ಇಲ್ಲ. ಹಾಸನದಿಂದ ಸ್ಕ್ಯಾನರ್ ಇರುವ ಹುಡುಗ ಬರೋವರೆಗೆ ನಾಲ್ಕು ದಿನ.

ಇಷ್ಟೆಲ್ಲ ಹೇಳಿ ‘ಆದ್ರೂ ಮತ್ತೆ ಮಾಡ್ಸು ಅಂದ್ರೆ ಮಾಡಿಸ್ತೀನಿ’ ಅಂದ ಅವನು. ಅದೂ ಸುಳ್ಳಲ್ಲ. ಅವನಿಗೆ ವಯಸ್ಸು ಮೂವತ್ತು, ಲ್ಯಾಪ್‌ಟಾಪ್ ಇದೆ, ಮನೆಯಲ್ಲಿ ಇನ್ನೊಂದು ಗಾಡಿ ಇದೆ.

ಅಲ್ಲಿಂದ ಊರಿಗೆ ಹೋದೆ. ಮುಖ್ಯ ರಸ್ತೆಯಿಂದ ಮನೆಗೆ ನಡೆದೇ ಹೋಗಬೇಕಾಯ್ತು, ಎರಡು ಜಿಗಣೆ ಜೊತೆಗೆ. ಜೀಪು ಕೊಟ್ಟಿಗೆಯಲ್ಲಿ ಬಾನೆಟ್ ತೆರೆದುಕೊಂಡು ನಿಂತಿತ್ತು. ಊಟ ಆದ ಮೇಲೆ ಅಪ್ಪನಿಗೆ ಸ್ಪ್ರೆಡ್‌ಶೀಟ್ ತೋರಿಸಿದೆ. ಕಾನೂನಿನ ವಿಷಯ ಹೇಳಿದೆ. ಆದರೂ ನನ್ನ ಮನಸ್ಸಿನ ಮೂಲೆಯಲ್ಲಿ ಆಸೆ ಇತ್ತು, ‘ಆಗಿದ್ದಾಗಲಿ, ಹಾಕ್ಸು’ ಅನ್ನಲಿ ಅಂತ.

ಅಪ್ಪ ಕನ್ನಡಕ ಹಾಕಿಕೊಂಡು ಫೋನನ್ನು ದೂರ ಹಿಡಿದು ನೋಡಿದರು. ಮೊತ್ತ ನೋಡಿದರೋ ಇಲ್ಲವೋ ಗೊತ್ತಿಲ್ಲ. ಕೇಳಿದ್ದು ಒಂದೇ.

‘ಮಳೇಲಿ ನಿಂತ್ರೆ ಯಾರನ್ನ ಕರೀಲಿ?’

ನಾನು ‘ನನಗೆ ಫೋನ್ ಮಾಡಿ’ ಅನ್ನೋಕೆ ಬಾಯಿ ತೆರೆದೆ. ನಮ್ಮ ತೋಟದ ದಾರಿಯಲ್ಲಿ ನೆಟ್‌ವರ್ಕ್ ಬರೋದು ಒಂದು ಹಲಸಿನ ಮರದ ಕೆಳಗೆ ಮಾತ್ರ. ನಾನಿರೋದು ಬೆಂಗಳೂರಲ್ಲಿ. ಬಾಯಿ ಮುಚ್ಚಿದೆ.

ನಮ್ಮ ಊರಿನ ಮೇಸ್ತ್ರಿ ಹಳೇ ಇಂಜಿನ್ನಿನ ಶಬ್ದವನ್ನು ಫೋನಿನಲ್ಲೇ ಕೇಳಿ ಏನಾಗಿದೆ ಅಂತ ಹೇಳುವ ಮನುಷ್ಯ. ಅವರ ಹತ್ತಿರ ಸ್ಕ್ಯಾನರ್ ಇಲ್ಲ. ಅಪ್ಪನಿಗೂ ಆ ಇಂಜಿನ್ ಅರ್ಧ ಗೊತ್ತು. ನಾನು ತೆಗೆಯೋಕೆ ಹೊರಟಿದ್ದು ಬರೀ ಇಂಜಿನ್ ಅಲ್ಲ ಅಂತ ಆಗ ಹೊಳೆಯಿತು. ನನ್ನ ಮೂರೂವರೆ ಲಕ್ಷದಲ್ಲಿ ಎಷ್ಟು ಭಾಗ ಜೀಪಿಗೆ, ಎಷ್ಟು ಭಾಗ ತಿಂಗಳಿಗೊಮ್ಮೆ ಮಾತ್ರ ಮನೆಗೆ ಬರುವ ಮಗನ ಸಮಾಧಾನಕ್ಕೆ ಅನ್ನೋ ಲೆಕ್ಕ ಸ್ಪ್ರೆಡ್‌ಶೀಟಿನಲ್ಲಿ ಇರಲಿಲ್ಲ.

ಹಳೇ ಇಂಜಿನ್ನನ್ನೇ ಕಟ್ಟಿಸಿದೆವು. ಬೇರೆ ಹೆಡ್ ಹುಡುಕೋಕೆ ಹದಿನೆಂಟು ದಿನ ಹಿಡೀತು, ಅದು ಮಾತ್ರ ಕಷ್ಟ. ಈ ಹಳೇ ಇಂಜಿನ್ನಿನ ಸಾಮಾನು ವರ್ಷದಿಂದ ವರ್ಷಕ್ಕೆ ಕಮ್ಮಿಯಾಗ್ತಿದೆ, ಇನ್ನು ಹತ್ತು ವರ್ಷಕ್ಕೆ ಏನು ಮಾಡೋದು ಅಂತ ನನಗೂ ಉತ್ತರ ಇಲ್ಲ. ಪಿಸ್ಟನ್ ರಿಂಗ್, ಬೇರಿಂಗ್, ಇಂಜೆಕ್ಟರ್ ನಾಝಲ್, ಪಂಪಿನ ಕ್ಯಾಲಿಬ್ರೇಶನ್, ಹೊಸ ರೇಡಿಯೇಟರ್, ಎಲ್ಲ ಸೇರಿ ಎಂಭತ್ತೈದು ಸಾವಿರ. ಇಂಜಿನ್ ನಂಬರ್ ಅದೇ, ಆರ್‌ಸಿ ಅದೇ.

ನನ್ನ ಕಾಣಿಕೆ ಎರಡು. ಒಂದು, ಡೀಸೆಲ್ ಪೈಪಿಗೆ ನೀರು ಬೇರ್ಪಡಿಸುವ ಫಿಲ್ಟರ್, ಪಾರದರ್ಶಕ ಬಟ್ಟಲಿನದ್ದು. ನೀರು ಕೂತರೆ ಕಣ್ಣಿಗೆ ಕಾಣುತ್ತೆ. ಇನ್ನೊಂದು, ಸಿಲಿಂಡರ್ ಹೆಡ್ಡಿನ ಮೈಗೆ ಒಂದು ಟೆಂಪರೇಚರ್ ಸೆನ್ಸರ್, ಡ್ಯಾಶ್‌ಬೋರ್ಡಿಗೆ ಒಂದು ಬಜರ್. ನೀರಲ್ಲಿ ಮುಳುಗಿರುವ ಮಾಮೂಲಿ ಸೆನ್ಸರ್ ನೀರೇ ಖಾಲಿಯಾದಾಗ ಸರಿಯಾಗಿ ಹೇಳಲ್ಲ, ಆದ್ದರಿಂದ ಲೋಹಕ್ಕೇ ಕೂರಿಸಿದೆ. ಇಷ್ಟು ದಿನ ಇದು ಇದ್ದಿದ್ದರೆ ಹೆಡ್ ಉಳೀತಿತ್ತು. ಎಲ್ಲ ಸೇರಿ ಎರಡು ಸಾವಿರ ರೂಪಾಯಿಯ ವಸ್ತು. ಮೇಸ್ತ್ರಿ ಅದನ್ನು ನೋಡಿ, ‘ಇಂಜಿನಿಯರ್ ಸಾಹೇಬ್ರು ಬೆಲ್ ಕಟ್ಟಿದ್ರು’ ಅಂತ ನಕ್ಕರು.

ಜೀಪು ಈಗ ಮೊದಲಿನ ಹಾಗೇ ಇದೆ. ಅದೇ ಗದ್ದಲ, ಅದೇ ಮೊದಲ ಗೇರು, ಅದೇ ದೇವರ ಸ್ಮರಣೆ. ಗೆಳೆಯನ ಜೀಪು ನೆನಪಾದಾಗ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ, ಯಾಕೆ ಸುಳ್ಳು ಹೇಳಲಿ. ಆ ಟರ್ಬೋ ಸೀಟಿ ಒಂದು ಸಲ ಕಿವಿಗೆ ಬಿದ್ದರೆ ಸಾಕು.

ಕಳೆದ ತಿಂಗಳು ರಾತ್ರಿ ಒಂಬತ್ತಕ್ಕೆ ಅಪ್ಪನ ಫೋನ್ ಬಂತು. ಹಲಸಿನ ಮರದ ಕೆಳಗಿಂದ. ಹಿಂದೆ ಬಜರ್ ಕುಯ್ಯೋ ಅಂತ ಕೂಗುತ್ತಿರೋದು ಕೇಳಿಸ್ತಿತ್ತು. ನನ್ನ ಎದೆ ಧಸಕ್ಕೆಂತು.

‘ಇಂಜಿನ್ ಆಫ್ ಮಾಡಿದ್ರಾ?’

‘ಆಗ್ಲೇ ಮಾಡ್ದೆ. ನೀರು ನೋಡ್ದೆ, ತುಂಬ ಇದೆ. ಹೆಡ್ ಮುಟ್ಟಿದ್ರೆ ಕೈ ಸುಡುವಷ್ಟು ಬಿಸಿನೂ ಇಲ್ಲ. ಆದ್ರೂ ಕೂಗ್ತಾ ಇದೆ ನಿನ್ನ ಬೆಲ್ಲು.’

ಯಾವ ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ನೆನಪು ಮಾಡಿಕೊಂಡು ಹೇಳೋಕೆ ಶುರು ಮಾಡಿದೆ. ಹಸಿರು ವೈರ್ ಹಿಡ್ಕೊಳ್ಳಿ, ಅದರ ಹಿಂದೆ ಹೋಗಿ ಅಂತ ಅರ್ಧ ಹೇಳುವಷ್ಟರಲ್ಲಿ ನೆಟ್‌ವರ್ಕ್ ಕಟ್ ಆಯ್ತು. ಮತ್ತೆ ಮತ್ತೆ ಹಚ್ಚಿದೆ, ವ್ಯಾಪ್ತಿ ಪ್ರದೇಶದ ಹೊರಗೆ. ಇಪ್ಪತ್ತು ನಿಮಿಷ ಬಾಲ್ಕನಿಯಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದೆ.

ಆಮೇಲೆ ಮನೆಯ ಲ್ಯಾಂಡ್‌ಲೈನಿಂದ ಫೋನ್ ಬಂತು.

‘ಅರ್ತ್ ಸರಿ ಇರ್ಲಿಲ್ಲ ಕಣೋ. ಬೋಲ್ಟ್ ಕೆಳಗೆ ತುಕ್ಕು. ಕೆರೆದು ಬಿಗಿ ಮಾಡ್ದೆ, ಸುಮ್ಮನಾಯ್ತು’ ಅಂದ್ರು ಅಪ್ಪ. ಸ್ವಲ್ಪ ತಡೆದು, ‘ಮುಂದಿನ ಸಲ ವೈರ್ ಹಾಕುವಾಗ ಬಣ್ಣ ಕೆರೆದು ಹಾಕು. ಊಟ ಆಯ್ತಾ?’ ಅಂತ ಕೇಳಿದರು.